ಬಾಟಲಿಗಿಂತ ಮೊದಲು ನಾಲಿಗೆ

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಸಾರಿನ ವಿಷಯಕ್ಕೆ ದಿನಾ ಕಿರಿಕಿರಿ ಶುರುವಾಯಿತು. ಯಾವ ಸಾರು ಬಡಿಸಿದರೂ ನನಗೆ ಸಪ್ಪೆ. "ಉಪ್ಪು ಹಾಕೋದು ಮರೆತೆಯಾ?" ಎಂದು ನಾನು ಕೇಳುವುದು, "ಹಾಕಿದೀನಿ ರೀ, ನಿಮ್ಮ ನಾಲಿಗೆಗೆ ಏನಾಗಿದೆ?" ಎಂದು ಮನೆಯಾಕೆ ಗದರುವುದು. ಕೊನೆಗೆ ನಾನೇ ಉಪ್ಪಿನ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಊಟಕ್ಕೆ ಕೂರತೊಡಗಿದೆ. ಬಿಪಿ ಮಾತ್ರೆ ನುಂಗುವವನು ಮಾಡಬಾರದ ಕೆಲಸ ಅದು. ಹೀಗಿರುವಾಗ ಒಂದು ಭಾನುವಾರ ಮಗಳು ನನ್ನ ಮುಖವನ್ನೇ ದಿಟ್ಟಿಸಿ, "ಅಪ್ಪಾ, ಜರ್ದಾ ಹಾಕೋಕೆ ಶುರು ಮಾಡಿದೀಯಾ?" ಎಂದಳು. ಕನ್ನಡಿ ನೋಡಿಕೊಂಡರೆ ಕೆಳಸಾಲಿನ ಮುಂದಿನ ಹಲ್ಲುಗಳ ಸಂದಿಯಲ್ಲೆಲ್ಲ ಕಾಫಿ ಬಣ್ಣದ ಕಲೆ.

ಸಪ್ಪೆ ಸಾರಿಗೂ ಕಂದು ಹಲ್ಲಿಗೂ ಕಾರಣ ಒಂದೇ ಆಗಿತ್ತು. ವಸಡಿನಲ್ಲಿ ರಕ್ತ ಬರುತ್ತದೆಂದು ಹೋದಾಗ ದಂತವೈದ್ಯರು ಹಲ್ಲು ಕ್ಲೀನ್ ಮಾಡಿ, ಹತ್ತು ದಿನ ಬಾಯಿ ಮುಕ್ಕಳಿಸಲು ಒಂದು ಮೌತ್‌ವಾಶ್ ಬರೆದುಕೊಟ್ಟಿದ್ದರು. ಬಾಯಿ ಘಮ್ಮೆನ್ನುತ್ತದಲ್ಲ ಎಂಬ ಖುಷಿಗೆ ನಾನು ಅದನ್ನು ನಾಲ್ಕು ತಿಂಗಳು ಎಳೆದಿದ್ದೆ. ಮೆಡಿಕಲ್ ಶಾಪಿನಲ್ಲಿ ಖಾಲಿ ಬಾಟಲಿ ತೋರಿಸಿದರೆ ತುಂಬಿದ ಬಾಟಲಿ ಸಿಗುತ್ತಿತ್ತು. ಅವರು ಚೀಟಿ ಕೇಳಲಿಲ್ಲ, ನಾನು ಲೇಬಲ್ ಓದಲಿಲ್ಲ. ಅದರಲ್ಲಿದ್ದದ್ದು ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧಿ. ವಸಡಿನ ಕಾಯಿಲೆಗೆ ಅದರಷ್ಟು ಪಳಗಿದ ಮದ್ದು ಮತ್ತೊಂದಿಲ್ಲ. ಆದರೆ ದಿನಗಟ್ಟಲೆ ಬಳಸಿದರೆ ನಾಲಿಗೆಯ ಉಪ್ಪಿನ ರುಚಿಯನ್ನೇ ಮಂಕಾಗಿಸುತ್ತದೆ. ಹಲ್ಲಿಗೆ ಅಂಟಿ ಕೂತು, ಮೇಲಿಂದ ಬೀಳುವ ಕಾಫಿ-ಚಹಾದ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಪುಣ್ಯಕ್ಕೆ ಎರಡೂ ತಾತ್ಕಾಲಿಕ. ಬಾಟಲಿ ಬಿಟ್ಟ ಕೆಲವೇ ದಿನಕ್ಕೆ ಸಾರಿಗೆ ಉಪ್ಪು ಬಂತು. ಕಲೆಯನ್ನು ಮಾತ್ರ ದಂತವೈದ್ಯರೇ ಪಾಲಿಶ್ ಮಾಡಿ ತೆಗೆಯಬೇಕಾಯಿತು.

ಅವತ್ತಿನಿಂದ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ನೀಲಿ, ಹಸಿರು, ಗುಲಾಬಿ ಬಾಟಲಿಗಳನ್ನು ಕಂಡರೆ ಹಿಂದೆ ತಿರುಗಿಸಿ ಓದುವ ಚಾಳಿ ಅಂಟಿದೆ.

ವಾಸನೆ ಹುಟ್ಟುವುದು ಎಲ್ಲಿ?

ಬಾಯಿ ವಾಸನೆ ಎಂದಕೂಡಲೆ ನಮ್ಮಲ್ಲಿ ಬರುವ ಮೊದಲ ಮಾತು "ಹೊಟ್ಟೆ ಕೆಟ್ಟಿರಬೇಕು" ಎಂದು. ಪಾಪ, ಹೊಟ್ಟೆಯ ಮೇಲೆ ಇದೊಂದು ಸುಳ್ಳು ಆಪಾದನೆ. ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ನುಂಗುವಾಗ, ತೇಗುವಾಗ ಬಿಟ್ಟರೆ ಮುಚ್ಚಿಕೊಂಡೇ ಇರುತ್ತದೆ. ಹುಳಿತೇಗಿನ ತೊಂದರೆ ಇರುವ ಕೆಲವರಲ್ಲಿ ವಾಸನೆ ಕೆಳಗಿನಿಂದ ಬರಬಹುದು, ನಿಜ. ಆದರೆ ನೂರರಲ್ಲಿ ಎಂಬತ್ತು-ತೊಂಬತ್ತು ಮಂದಿಯ ವಾಸನೆ ಹುಟ್ಟುವುದು ಬಾಯಿಯೊಳಗೇ. ಹೊಟ್ಟೆ ಶುದ್ಧಿಗೆಂದು ಚೂರ್ಣ ತಿಂದು ಕೂತವರ ಬಾಯಿ ಹಾಗೇ ಇರುವುದು ಇದರಿಂದಲೇ.

ಬಾಯಿಯಲ್ಲೂ ಮುಖ್ಯ ಕಾರ್ಖಾನೆ ಇರುವುದು ನಾಲಿಗೆಯ ಹಿಂಭಾಗದಲ್ಲಿ. ಕನ್ನಡಿಯ ಮುಂದೆ ನಾಲಿಗೆ ಚಾಚಿದರೂ ಕಾಣದ, ಗಂಟಲಿಗೆ ಹತ್ತಿರದ ಆ ಮೂರನೇ ಒಂದು ಭಾಗ ಹಳೇ ಕಂಬಳಿಯ ಹಾಗೆ ಒರಟು. ಸತ್ತ ಜೀವಕೋಶ, ಅನ್ನದ ಅಗುಳಿನ ಚೂರು, ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ ಎಲ್ಲವೂ ಅಲ್ಲಿ ತಂಗುತ್ತವೆ. ಗಾಳಿ ಆಡದ ಜಾಗದಲ್ಲೇ ಬದುಕುವ ಬ್ಯಾಕ್ಟೀರಿಯಾಗಳು ಇವುಗಳಲ್ಲಿನ ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಒಂದು ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ನಾತ. ಇನ್ನೊಂದು ಮೀಥೈಲ್ ಮರ್‌ಕ್ಯಾಪ್ಟನ್, ಇದು ವಸಡಿನ ಕಾಯಿಲೆ ಇರುವವರಲ್ಲಿ ಹೆಚ್ಚು. ಎರಡನೇ ಕಾರ್ಖಾನೆ ಹಲ್ಲಿನ ಸಂದಿ ಮತ್ತು ವಸಡಿನ ಅಂಚು. ಹುಳುಕು ಹಲ್ಲಿನ ಗುಳಿ, ಸರಿಯಾಗಿ ಕೂರದ ಕ್ಯಾಪು, ರಾತ್ರಿಯೂ ತೆಗೆಯದ ಕಟ್ಟುಹಲ್ಲಿನ ಸೆಟ್ಟು ಇವೆಲ್ಲ ಅದರ ಶಾಖೆಗಳು.

ಇಷ್ಟೆಲ್ಲ ಇದ್ದರೂ ಹಗಲಲ್ಲಿ ನಾವು ಒಬ್ಬರಿಗೊಬ್ಬರು ಎದುರು ನಿಂತು ಮಾತಾಡಲು ಸಾಧ್ಯವಾಗಿರುವುದು ಜೊಲ್ಲಿನ ದಯೆಯಿಂದ. ಜೊಲ್ಲು ತೊಳೆಯುತ್ತಲೇ ಇರುತ್ತದೆ, ಅದರಲ್ಲಿನ ಆಮ್ಲಜನಕ ಈ ಬ್ಯಾಕ್ಟೀರಿಯಾಗಳಿಗೆ ಆಗಿಬರುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಬೆಳಗಿನ ಬಾಯಿ ವಾಸನೆ ಎಲ್ಲರಿಗೂ ಇದ್ದದ್ದೇ, ಅದು ಕಾಯಿಲೆಯಲ್ಲ. ಬಾಯಿ ತೆರೆದು ಮಲಗುವವರಿಗೆ, ಗೊರಕೆ ಹೊಡೆಯುವವರಿಗೆ ಸ್ವಲ್ಪ ಜಾಸ್ತಿ. ಏಕಾದಶಿಯ ಉಪವಾಸ, ರಂಜಾನಿನ ರೋಜಾ ಇದ್ದಾಗ ಸಂಜೆಯ ಹೊತ್ತಿಗೆ ಬರುವ ವಾಸನೆಗೂ ಒಣಬಾಯಿಯೇ ದೊಡ್ಡ ಕಾರಣ. ಅನ್ನ, ರೊಟ್ಟಿ ಬಿಟ್ಟು ತೂಕ ಇಳಿಸುವ ಡಯಟ್ ಮಾಡುವವರಿಗೆ ಇನ್ನೊಂದು ಬಗೆಯ ವಾಸನೆ ಬರುತ್ತದೆ. ಕೊಬ್ಬು ಕರಗುವಾಗ ಹುಟ್ಟುವ ಕೀಟೋನುಗಳು ಉಸಿರಿನಲ್ಲೇ ಹೊರಬರುತ್ತವೆ. ಅದನ್ನು ಯಾವ ಬ್ರಶ್ಶೂ ತೆಗೆಯಲಾರದು.

ಬೆಳ್ಳುಳ್ಳಿಯದೂ ಇದೇ ಕಥೆ. ಚಟ್ನಿಪುಡಿ ತಿಂದು ಎರಡು ಸಲ ಹಲ್ಲುಜ್ಜಿದರೂ ಮಾರನೆಯ ದಿನ ಆಫೀಸಿನಲ್ಲಿ ಪಕ್ಕದವರು ಮೂಗು ಸರಿಸುತ್ತಾರೆ. ಬೆಳ್ಳುಳ್ಳಿಯ ಒಂದು ಗಂಧಕದ ಅಂಶ ರಕ್ತಕ್ಕೆ ಸೇರಿ, ಶ್ವಾಸಕೋಶದ ದಾರಿಯಲ್ಲಿ ಹೊರಬರುತ್ತಾ ಇರುತ್ತದೆ. ಬಾಯಿ ಎಷ್ಟು ತೊಳೆದರೇನು? ಊಟದ ಜೊತೆಗೆ ಅಥವಾ ಕೂಡಲೆ ಹಸಿ ಸೇಬು, ಹಸಿ ಪುದೀನ, ಮೊಸರು, ಹಾಲು ತೆಗೆದುಕೊಂಡರೆ ಈ ವಾಸನೆ ತಗ್ಗುತ್ತದೆಂದು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಳತೆ ಮಾಡಿ ತೋರಿಸಿದ್ದಾರೆ. ಉತ್ತರ ಕರ್ನಾಟಕದ ಊಟದಲ್ಲಿ ಬೆಳ್ಳುಳ್ಳಿ ಚಟ್ನಿಯ ಪಕ್ಕ ಗಟ್ಟಿಮೊಸರು ಇಟ್ಟವರು ರುಚಿಗೆಂದೇ ಇಟ್ಟಿರಬಹುದು, ಆದರೆ ಕೆಲಸ ಮಾತ್ರ ಎರಡಾಗುತ್ತದೆ.

ಓಮ, ನೀಲಗಿರಿ, ಪುದೀನ

ಮೌತ್‌ವಾಶ್ ಹುಟ್ಟಿದ ಕಥೆಯನ್ನು ಇಲ್ಲಿ ಹೇಳಿಬಿಡಬೇಕು. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಡಾಕ್ಟರ್ ಜೋಸೆಫ್ ಲಾರೆನ್ಸ್ ಎಂಬವರು ಶಸ್ತ್ರಚಿಕಿತ್ಸೆಯ ಗಾಯ ತೊಳೆಯಲು ಒಂದು ದ್ರವ ತಯಾರಿಸಿದರು. ಶಸ್ತ್ರಚಿಕಿತ್ಸೆಗೆ ಕ್ರಿಮಿನಾಶಕ ತಂದ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಮೇಲಿನ ಗೌರವಕ್ಕೆ ಅದಕ್ಕೆ ಲಿಸ್ಟರೀನ್ ಎಂದು ಹೆಸರಿಟ್ಟರು. ಅದು ದಂತವೈದ್ಯರ ಕೈಗೆ ಬಂದದ್ದು 1895ರಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಸಿಕ್ಕಿದ್ದು 1914ರಲ್ಲಿ. ಆದರೂ ಮನೆಮಾತಾಗಲಿಲ್ಲ. 1920ರ ದಶಕದಲ್ಲಿ ಕಂಪನಿ ಹ್ಯಾಲಿಟೋಸಿಸ್ ಎಂಬ, ವೈದ್ಯರ ಪುಸ್ತಕದಲ್ಲಿ ಮಲಗಿದ್ದ ಪದವನ್ನು ಎಬ್ಬಿಸಿ ತಂದು ಜಾಹೀರಾತಿಗೆ ಹಾಕಿತು. ಬಾಯಿ ವಾಸನೆಯಿಂದಾಗಿ ಮದುವೆಯಾಗದೆ ಉಳಿದ ಹುಡುಗಿ, ಮುಂದೆ ಬರಲಾಗದ ಹುಡುಗ ಇಂಥ ಚಿತ್ರಗಳು. ಮಾರಾಟ ಮುಗಿಲು ಮುಟ್ಟಿತು. ಇದೇ ದ್ರವ ನೆಗಡಿ, ಗಂಟಲುನೋವನ್ನೂ ತಡೆಯುತ್ತದೆಂದು ದಶಕಗಟ್ಟಲೆ ಹೇಳಿಕೊಂಡು ಬಂದದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಕಿವಿ ಹಿಂಡಿತು. ನೆಗಡಿಗೆ ಇದರಿಂದ ಪ್ರಯೋಜನವಿಲ್ಲ ಎಂದು ಕಂಪನಿಯೇ ತನ್ನ ಜಾಹೀರಾತಿನಲ್ಲಿ ಹೇಳಬೇಕಾಯಿತು.

ನನಗೆ ಸೋಜಿಗವೆನಿಸಿದ್ದು ಆ ಬಾಟಲಿಯೊಳಗಿನ ಸಾಮಾನು. ಥೈಮಾಲ್ ಅಂದರೆ ನಮ್ಮ ಓಮದ ಕಾಳನ್ನು ಅಂಗೈಯಲ್ಲಿ ಉಜ್ಜಿದಾಗ ಬರುವ ಘಾಟು. ಯೂಕಲಿಪ್ಟಾಲ್ ನೀಲಗಿರಿ ಎಣ್ಣೆಯದು. ಮೆಂಥಾಲ್ ಪುದೀನದ್ದು. ಮೀಥೈಲ್ ಸ್ಯಾಲಿಸಿಲೇಟ್ ಅಂದರೆ ಮಂಡಿನೋವಿಗೆ ಹಚ್ಚುವ ಮುಲಾಮಿನ ವಾಸನೆ. ಈ ನಾಲ್ಕನ್ನೂ ಕರಗಿಸಿ ಇಡಲು ಮದ್ಯಸಾರ ಬೇಕಿತ್ತು. ಹಳೆಯ ಮೂಲ ಬಗೆಯಲ್ಲಿ ಅದು ಶೇಕಡಾ 26.9 ಇತ್ತು. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಇರುತ್ತದೆ ಎಂದರೆ ಲೆಕ್ಕ ಸಿಗಬಹುದು. ಈಗ ಮದ್ಯಸಾರ ಇಲ್ಲದ ಬಗೆಗಳೂ ಧಾರಾಳವಾಗಿವೆ.

ಲೇಬಲ್ಲಿನಲ್ಲಿ ಏನು ನೋಡಬೇಕು?

ಮುಂಭಾಗದ ಹೊಳೆಯುವ ಅಕ್ಷರಗಳನ್ನು ಬಿಟ್ಟುಬಿಡಿ. ಹಿಂದೆ ಇರುವೆ ಸಾಲಿನಂತೆ ಅಚ್ಚಾಗಿರುವುದೇ ಮುಖ್ಯ. ಕನ್ನಡಕ ಬೇಕಾಗುತ್ತದೆ.

ಕ್ಲೋರ್‌ಹೆಕ್ಸಿಡಿನ್ ಎಂದಿದ್ದರೆ ಅದು ಔಷಧಿ. ಶೇಕಡಾ 0.2 ಅಥವಾ 0.12ರ ಹದದಲ್ಲಿ ಬರುತ್ತದೆ. ವಸಡಿನ ಚಿಕಿತ್ಸೆ, ಹಲ್ಲು ಕೀಳಿಸಿದ ನಂತರದ ಆರೈಕೆ, ಬಾಯಿಯ ಶಸ್ತ್ರಚಿಕಿತ್ಸೆ ಆದವರಿಗೆ ವೈದ್ಯರು ಒಂದೆರಡು ವಾರಕ್ಕೆ ಕೊಡುತ್ತಾರೆ. ಅಷ್ಟೇ ದಿನ ಬಳಸಿ, ನನ್ನ ಹಾಗೆ ಮಾಡಬೇಡಿ. ಇದನ್ನು ಹಲ್ಲುಜ್ಜಿದ ಕೂಡಲೆ ಮುಕ್ಕಳಿಸಿದರೆ ದುಡ್ಡು ದಂಡ. ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇದರ ಶಕ್ತಿ ಕುಂದಿಸುತ್ತದೆ. ನಡುವೆ ಅರ್ಧ ಗಂಟೆಯಾದರೂ ಬಿಡುವಿರಲಿ. ಮುಕ್ಕಳಿಸಿದ ಮೇಲೆ ತಕ್ಷಣ ನೀರು ಹಾಕಿ ತೊಳೆಯಬೇಡಿ, ಕಾಫಿಯನ್ನೂ ಕುಡಿಯಬೇಡಿ. ಅಪರೂಪಕ್ಕೆ ಕೆಲವರಿಗೆ ಇದು ತೀವ್ರ ಅಲರ್ಜಿ ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು. ಮೈಯೆಲ್ಲ ದದ್ದು, ತುಟಿ-ಮುಖ ಊತ, ಉಸಿರುಕಟ್ಟುವುದು ಕಂಡರೆ ಬಾಯಿಯಲ್ಲಿರುವುದನ್ನು ಉಗುಳಿ ನೇರ ಆಸ್ಪತ್ರೆಗೆ ಹೋಗಿ.

ಬಿಪಿ ಇರುವವರು ಕೇಳಬೇಕಾದ ಇನ್ನೊಂದು ಸಂಗತಿ ಇದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳೆಲ್ಲ ಕೆಟ್ಟವಲ್ಲ. ಪಾಲಕ್, ದಂಟು, ಬೀಟ್‌ರೂಟಿನಲ್ಲಿರುವ ನೈಟ್ರೇಟನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟಾಗಿ ಬದಲಿಸುತ್ತವೆ. ಅದು ಮುಂದೆ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಕ್ರಿಮಿನಾಶಕ ಮೌತ್‌ವಾಶ್ ಇವನ್ನೂ ಸೇರಿಸಿ ಗುಡಿಸಿಹಾಕುತ್ತದೆ. ಲಂಡನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಮಂದಿ ಆರೋಗ್ಯವಂತರು ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿದಾಗ ಅವರ ರಕ್ತದೊತ್ತಡ ಎರಡರಿಂದ ಮೂರೂವರೆ ಅಂಕ ಏರಿತ್ತು. ಹತ್ತೊಂಬತ್ತು ಮಂದಿಯ ಮೇಲಿನ ಪ್ರಯೋಗದಿಂದ ಬಾಟಲಿಯನ್ನು ಕಸದಬುಟ್ಟಿಗೆ ಎಸೆಯಬೇಕಿಲ್ಲ. ಆದರೆ ಕಾರಣವಿಲ್ಲದೆ ದಿನಕ್ಕೆರಡು ಸಲ ವರ್ಷವಿಡೀ ಮುಕ್ಕಳಿಸುವವರು ಒಮ್ಮೆ ಯೋಚಿಸಲು ಅಷ್ಟು ಸಾಕು. ನನ್ನ ಮಟ್ಟಿಗಂತೂ ಅದರ ಜೊತೆಗೆ ಉಪ್ಪಿನ ಡಬ್ಬಿ ಬೇರೆ ಸೇರಿತ್ತು.

ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಎಂಬ ಉದ್ದ ಹೆಸರು ಕಂಡರೆ ಅದು ಸೌಮ್ಯ ಕ್ರಿಮಿನಾಶಕ. ಲೇಬಲ್ಲಿನಲ್ಲಿ ಸಿಪಿಸಿ ಎಂದೂ ಇರಬಹುದು. ಇದಕ್ಕೂ ಕಲೆಯ ಗುಣ ಸ್ವಲ್ಪ ಇದೆ. ಜಿಂಕ್, ಅಂದರೆ ಸತುವಿನ ಲವಣ ಇದ್ದರೆ ಒಳ್ಳೆಯದು. ಅದು ಗಂಧಕದ ಅನಿಲವನ್ನೇ ಹಿಡಿದು ಕಟ್ಟಿಹಾಕುತ್ತದೆ, ಸುಗಂಧದ ಮುಸುಕು ಹಾಕುವುದಿಲ್ಲ. ಬರೀ ವಾಸನೆಗಾಗಿ ಕೊಳ್ಳುವುದಿದ್ದರೆ ಮದ್ಯಸಾರವಿಲ್ಲದ, ಜಿಂಕ್ ಇರುವ ಬಗೆಯನ್ನೇ ನಾನು ಹೇಳುವುದು.

ಮದ್ಯಸಾರ ಇರುವ ಬಗೆ ಕೆಲವರ ಬಾಯಿ ಉರಿಸುತ್ತದೆ, ಒಣಗಿಸುತ್ತದೆ. ಒಣಬಾಯಿಯೇ ಸಮಸ್ಯೆ ಇರುವವರು ಇದನ್ನು ಬಳಸಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಬಾಯಿ ಹುಣ್ಣಿದ್ದಾಗಲೂ ಬೇಡ. ಇದರಿಂದ ಬಾಯಿ ಕ್ಯಾನ್ಸರ್ ಬರುತ್ತದೆಂಬ ಮಾತು ಆಗಾಗ ಕೇಳಿಬರುತ್ತದೆ, ಆದರೆ ಅದು ರುಜುವಾತಾಗಿಲ್ಲ. ಕುಡಿತ ಬಿಟ್ಟವರು, ಅದರಲ್ಲೂ ಕುಡಿತ ಬಿಡಿಸುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಬಗೆಯಿಂದ ದೂರ ಇರಲೇಬೇಕು. ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗೂ ಒಂದು ಕಿವಿಮಾತು. ಮುಕ್ಕಳಿಸಿದ ಕೂಡಲೆ ಪೊಲೀಸರ ಯಂತ್ರಕ್ಕೆ ಊದಿದರೆ ಬಾಯಿಯಲ್ಲಿ ಉಳಿದ ಮದ್ಯಸಾರಕ್ಕೇ ಅದು ಕೂಗೀತು. ಕಾಲು ಗಂಟೆಯಲ್ಲಿ ಆರಿಹೋಗುತ್ತದೆ. ಹಾಗಾದಾಗ ಕಾದು ಮತ್ತೊಮ್ಮೆ ಊದಿಸಿ ಎಂದು ಕೇಳಿಕೊಳ್ಳಿ.

ಗಂಟಲಿಗೆ ಗಾರ್ಗಲ್ ಮಾಡುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದು ದಿನನಿತ್ಯದ ಬಾಯಿ ತೊಳೆಯುವ ನೀರಲ್ಲ. ಥೈರಾಯಿಡ್ ತೊಂದರೆ ಇರುವವರು, ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಬಳಸಬಾರದು.

ಫ್ಲೋರೈಡ್ ಇರುವ ಬಗೆ ಹುಳುಕು ತಡೆಯಲು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಹಲ್ಲುಜ್ಜಿದ ಬೆನ್ನಿಗೇ ಇದನ್ನು ಹಾಕುವುದು. ಪೇಸ್ಟಿನಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 1000 ಭಾಗದಷ್ಟು ಫ್ಲೋರೈಡ್ ಇದ್ದರೆ ದಿನಬಳಕೆಯ ಮೌತ್‌ವಾಶಿನಲ್ಲಿ ಸುಮಾರು 225 ಭಾಗ. ಗಟ್ಟಿಯದನ್ನು ತೊಳೆದು ತೆಳುವಾದದ್ದನ್ನು ಹಚ್ಚಿದಂತಾಯಿತು. ಮಧ್ಯಾಹ್ನದ ಊಟದ ನಂತರ ಬಳಸಿದರೆ ಸರಿ, ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರಬೇಕು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳದ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಅತಿಯಾಗಿರುವ ಊರುಗಳು ಬಹಳ. ಅಂಥ ನೀರು ಕುಡಿಯುವ ಮನೆಯ ಮಕ್ಕಳಿಗೆ ದಂತವೈದ್ಯರು ಹೇಳದೆ ಈ ಬಾಟಲಿ ತರಲೇಬೇಡಿ.

ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ಆರು ವರ್ಷದೊಳಗಿನವರಿಗೆ ಯಾವ ಮೌತ್‌ವಾಶೂ ಬೇಡ, ಅವರಿಗೆ ಉಗುಳಲು ಬರುವುದಿಲ್ಲ, ನುಂಗುತ್ತಾರೆ. ನೀಲಿ-ಹಸಿರು ಬಣ್ಣ, ಸಿಹಿ ರುಚಿ, ಕಣ್ಣಿಗೆ ಶರಬತ್ತಿನ ಹಾಗೇ ಕಾಣುತ್ತದೆ. ಮದ್ಯಸಾರದ ಬಗೆಯನ್ನು ಮಗು ಗಟಗಟ ಕುಡಿದರೆ ಮಂಪರು ಬರುವುದಷ್ಟೇ ಅಲ್ಲ, ರಕ್ತದಲ್ಲಿನ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಬೇಸಿನ್ ಪಕ್ಕ ಕೈಗೆಟುಕುವಂತೆ ಇಡಬೇಡಿ. ಕುಡಿದೇಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಕರೆಮಾಡಿ. ಎಷ್ಟು ಕುಡಿದಿದೆ, ಅದರಲ್ಲೇನಿದೆ ಎನ್ನುವುದು ವೈದ್ಯರಿಗೆ ಲೇಬಲ್ ನೋಡಿದರೆ ತಿಳಿಯುತ್ತದೆ.

ಮನೆಯಲ್ಲೇ ಮಾಡುವುದು

ಬೆಳಗಿನ ಕೆಲಸ ನಾಲಿಗೆಯಿಂದ ಶುರುವಾಗಲಿ. ನನ್ನ ಅಜ್ಜಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ ಮೇಲೆ ಅದನ್ನೇ ಉದ್ದಕ್ಕೆ ಸೀಳಿ, ಬಿಲ್ಲಿನಂತೆ ಬಾಗಿಸಿ ನಾಲಿಗೆ ಹೆರೆದುಕೊಳ್ಳುತ್ತಿದ್ದಳು. ಕರಾವಳಿಯಲ್ಲಿ ತೆಂಗಿನ ಗರಿಯ ಕಡ್ಡಿ ಸೀಳಿ ಹೀಗೇ ಮಾಡುತ್ತಿದ್ದರು. ಬ್ರಶ್ಶು ಪೇಸ್ಟು ಬಂದ ಮೇಲೆ ನಾಲಿಗೆ ಹೆರೆಯುವುದು ಹಳ್ಳಿಯವರ ಕೆಲಸ ಎನ್ನಿಸಿಕೊಂಡು ಎಷ್ಟೋ ಮನೆಗಳಲ್ಲಿ ನಿಂತೇಹೋಯಿತು. ಈಗ ಅದೇ ವಸ್ತು ತಾಮ್ರದ ಟಂಗ್ ಕ್ಲೀನರ್ ಎಂದು ಡಬ್ಬಿಯಲ್ಲಿ ಬರುತ್ತಿದೆ. ತಾಮ್ರವೋ ಸ್ಟೀಲೋ ಪ್ಲಾಸ್ಟಿಕ್ಕೋ, ಯಾವುದಾದರೂ ಆದೀತು. ಬ್ರಶ್ಶಿನಿಂದ ಉಜ್ಜುವುದಕ್ಕಿಂತ ಹೆರೆಯುವುದು ಗಂಧಕದ ಅನಿಲವನ್ನು ಸ್ವಲ್ಪ ಹೆಚ್ಚೇ ಇಳಿಸುತ್ತದೆ. ಸಾಧ್ಯವಾದಷ್ಟು ಹಿಂದಿನಿಂದ ಹಿಡಿದು ಮುಂದಕ್ಕೆ ನಾಲ್ಕೈದು ಸಲ, ಮೆಲ್ಲಗೆ. ಉಸಿರು ಹೊರಬಿಡುತ್ತಾ ಎಳೆದರೆ ಓಕರಿಕೆ ಕಡಿಮೆ. ರಕ್ತ ಬರುವ ಹಾಗೆ ಕೆರೆಯಬಾರದು. ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸುವುದು, ಗಂಟಲಿಗೆ ಬೆರಳು ಹಾಕುವುದು ಖಂಡಿತ ಬೇಕಿಲ್ಲ. ಅದರಿಂದ ಪಕ್ಕದ ಮನೆಯವರಿಗೆ ಎಚ್ಚರವಾಗುತ್ತದೆ, ಇನ್ನೇನೂ ಆಗುವುದಿಲ್ಲ.

ಎರಡನೆಯದು ಸಂದಿ. ಬ್ರಶ್ಶಿನ ಎಳೆ ಹಲ್ಲಿನ ಸಂದಿಗೆ ಇಳಿಯುವುದಿಲ್ಲ. ಫ್ಲಾಸ್ ಎಂಬ ದಾರ, ಅಥವಾ ಸಂದಿ ಅಗಲವಿದ್ದವರಿಗೆ ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂಥ ಪುಟ್ಟ ಬ್ರಶ್ಶು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ರಾತ್ರಿ ಮಲಗುವ ಮುನ್ನ ಒಮ್ಮೆ ಆಡಿಸಿ, ಆ ದಾರವನ್ನು ಮೂಸಿ ನೋಡಿ. ಯಾವ ಹಲ್ಲಿನ ಪಕ್ಕದ ದಾರ ನಾರುತ್ತದೋ ಅಲ್ಲೇ ನಿಮ್ಮ ಸಮಸ್ಯೆ ಕೂತಿದೆ. ಸೇಫ್ಟಿಪಿನ್ನು, ಬೆಂಕಿಕಡ್ಡಿ, ಬಸ್ ಟಿಕೇಟಿನ ಚೂರು ಇವೆಲ್ಲ ವಸಡಿನ ಶತ್ರುಗಳು. ಪಾಚಿ ಗಟ್ಟಿಯಾಗಿ ಹಲ್ಲಿನ ಬುಡಕ್ಕೆ ಗಾರೆಯಂತೆ ಕಟ್ಟಿದ್ದರೆ ಮನೆಯ ಯಾವ ಉಪಾಯಕ್ಕೂ ಅದು ಬಗ್ಗುವುದಿಲ್ಲ, ಸ್ಕೇಲಿಂಗ್ ಮಾಡಿಸಲೇಬೇಕು. ಸ್ಕೇಲಿಂಗಿನಿಂದ ಹಲ್ಲು ಸಡಿಲವಾಗುತ್ತದೆಂಬ ಹೆದರಿಕೆ ಬೇಡ. ಸಡಿಲವಾಗಿದ್ದ ಹಲ್ಲನ್ನು ಆ ಗಾರೆಯೇ ಹಿಡಿದುಕೊಂಡಿತ್ತು, ಅಷ್ಟೇ. ಖರ್ಚಿನ ಚಿಂತೆಯಿದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ಮಂಗಳೂರು, ದಾವಣಗೆರೆ, ಧಾರವಾಡದವರೆಗೆ ಕರ್ನಾಟಕದಲ್ಲಿ ದಂತ ಕಾಲೇಜುಗಳಿಗೆ ಬರವಿಲ್ಲ. ವಿದ್ಯಾರ್ಥಿಗಳು ಗುರುಗಳ ಕಣ್ಗಾವಲಿನಲ್ಲಿ ಮಾಡುತ್ತಾರೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ದುಡ್ಡು ಕಡಿಮೆ.

ಊಟವಾದ ಮೇಲೆ ಬಾಯಿ ತುಂಬ ನೀರು ತುಂಬಿಕೊಂಡು ಮುಕ್ಕಳಿಸಿ ಉಗುಳುವುದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಈಗ ಹೋಟೆಲಿನಲ್ಲಿ ತಿಂದು ಟಿಶ್ಯೂ ಪೇಪರಿನಲ್ಲಿ ತುಟಿ ಒರೆಸಿ ಎದ್ದುಬರುವುದು ನಾಗರಿಕತೆ ಆಗಿದೆ. ಕೈ ತೊಳೆಯುವ ಜಾಗದಲ್ಲೇ ಎರಡು ಸಲ ಬಾಯಿಯನ್ನೂ ತೊಳೆದುಕೊಳ್ಳಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಹುಣ್ಣು, ವಸಡು ಊತ ಇದ್ದಾಗ ಹಿತ. ಹಲ್ಲು ಕೀಳಿಸಿದ ದಿನ ಮಾತ್ರ ಏನನ್ನೂ ಮುಕ್ಕಳಿಸಬೇಡಿ. ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಿತ್ತುಬಂದರೆ ಆಮೇಲಿನ ನೋವು ಹೇಳತೀರದು. ಇಪ್ಪತ್ತನಾಲ್ಕು ಗಂಟೆ ಕಳೆಯಲಿ.

ಎಣ್ಣೆ ಮುಕ್ಕಳಿಸುವುದು ಆಯುರ್ವೇದದ ಗಂಡೂಷ, ಕವಲಗಳ ಹಳೆಯ ಪದ್ಧತಿ. ಒಳ್ಳೆಯದೆನಿಸಿದವರು ಮಾಡಲಿ, ಬ್ರಶ್ಶಿನ ಬದಲಿಗಲ್ಲ. ಆದರೆ ಮಕ್ಕಳಿಗೆ, ನುಂಗಲು ಕಷ್ಟಪಡುವ ವೃದ್ಧರಿಗೆ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇದ್ದಿಲು, ಇಟ್ಟಿಗೆ ಪುಡಿಯ ಉಜ್ಜಾಟ ಎನಾಮೆಲ್ ಸವೆಸುತ್ತದೆ. ಬೆಳಗಾವಿ ಕಡೆ ಕೆಲವು ಮನೆಗಳಲ್ಲಿ ಸುಟ್ಟ ತಂಬಾಕಿನ ಮಶೇರಿಯಲ್ಲಿ ಹಲ್ಲು ತಿಕ್ಕುತ್ತಾರೆ. ಅದು ಹಲ್ಲುಪುಡಿಯ ವೇಷದ ತಂಬಾಕು, ಬೇರೇನಲ್ಲ.

ಸೋಂಪು, ಏಲಕ್ಕಿ, ಲವಂಗ ಅಗಿದರೆ ಜೊಲ್ಲು ಊರುತ್ತದೆ, ಅರ್ಧ ಗಂಟೆ ಘಮ ಇರುತ್ತದೆ. ಮದುವೆ ಮನೆಗೆ ಸಾಕು. ಸಕ್ಕರೆ ಲೇಪಿಸಿದ ಬಣ್ಣದ ಸೋಂಪು ಬೇಡ. ಎಲೆಯಡಿಕೆಯ ವಿಷಯಕ್ಕೆ ಬಂದರೆ ನನ್ನ ಶಿವಮೊಗ್ಗ, ಶಿರಸಿಯ ನೆಂಟರಿಗೆ ಸಿಟ್ಟು ಬರುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಆದರೂ ಹೇಳದೆ ವಿಧಿಯಿಲ್ಲ. ತಂಬಾಕು ಸೇರಿಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ದಾಟಿತು. ಬಾಯಿ ವಾಸನೆ ಮುಚ್ಚಲೆಂದು ಅಡಿಕೆ, ಗುಟ್ಕಾ ಹಿಡಿದವರ ಬಾಯಿ ಕ್ರಮೇಣ ತೆರೆಯುವುದೇ ಕಡಿಮೆಯಾಗುತ್ತದೆ. ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ಹಿಡಿಸುತ್ತಿಲ್ಲವಾದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳುಚಿ ಗಟ್ಟಿಯಾಗಿದ್ದರೆ ಕೂಡಲೆ ತೋರಿಸಿ.

ವೈದ್ಯರಿಗೆ ಬಿಡಬೇಕಾದದ್ದು

ನಾಲಿಗೆ, ಸಂದಿ, ವಸಡು ಎಲ್ಲ ನೋಡಿಕೊಂಡ ಮೇಲೂ ಎರಡು-ಮೂರು ವಾರಕ್ಕೆ ವಾಸನೆ ಹೋಗದಿದ್ದರೆ ಮೊದಲು ದಂತವೈದ್ಯರು, ಅವರು ಸರಿಯಿದೆ ಎಂದರೆ ಕಿವಿ-ಮೂಗು-ಗಂಟಲು ತಜ್ಞರು. ಟಾನ್ಸಿಲಿನ ಗುಳಿಗಳಲ್ಲಿ ಅಕ್ಕಿಕಾಳಿನಂಥ ಹಳದಿ ಉಂಡೆ ಕೂತು ನಾರುವುದುಂಟು. ಸೈನಸ್ ತೊಂದರೆಯೂ ಇರಬಹುದು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಕಡಲೆಬೀಜ, ಹುಣಸೆಬೀಜ, ಸ್ಪಂಜಿನ ಚೂರು ತುರುಕಿಕೊಂಡಿದೆಯೆಂದೇ ಮೊದಲು ಅನುಮಾನಿಸಬೇಕು. ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಒಳಕ್ಕೆ ಹೋದೀತು.

ಬಿಪಿಯ ಕೆಲವು ಮಾತ್ರೆ, ಅಲರ್ಜಿಯ ಮಾತ್ರೆ, ಖಿನ್ನತೆಯ ಮಾತ್ರೆ ಬಾಯಿ ಒಣಗಿಸುತ್ತವೆ. ತಾವಾಗಿ ನಿಲ್ಲಿಸದೆ, ಬರೆದುಕೊಟ್ಟವರನ್ನೇ ಕೇಳಿ. ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನ ಹಾಗೆ ಅಥವಾ ಉಗುರುಬಣ್ಣ ಅಳಿಸುವ ದ್ರವದ ಹಾಗೆ ವಾಸನೆ ಬಂದು, ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ಅದು ತುರ್ತುಸ್ಥಿತಿ, ಬೆಳಗಿನವರೆಗೆ ಕಾಯುವಂಥದ್ದಲ್ಲ. ಮೂತ್ರದಂಥ ವಾಸನೆ ಮೂತ್ರಪಿಂಡದ ಕಡೆ ಬೆರಳು ತೋರಿಸುತ್ತದೆ. ಎರಡು ವಾರ ದಾಟಿಯೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಬಾಯಿಯಲ್ಲಿದ್ದರೆ ಮುಕ್ಕಳಿಸುತ್ತಾ ಕೂರಬೇಡಿ.

ಇನ್ನೊಂದು ಗುಂಪಿದೆ, ಅವರ ಕಷ್ಟ ಬೇರೆ. ವಾಸನೆ ಇಲ್ಲದಿದ್ದರೂ ಇದೆಯೆಂದು ನಂಬಿ, ಎದುರಿಗಿರುವವರು ಮೂಗು ಮುಟ್ಟಿಕೊಂಡರೂ ತನಗೇ ಎಂದುಕೊಂಡು ದಿನಕ್ಕೆ ಐದಾರು ಸಲ ಮುಕ್ಕಳಿಸುವವರು. ಅಂಗೈಗೆ ಊದಿ ಮೂಸುವ ಪರೀಕ್ಷೆಯನ್ನು ನಂಬಬೇಡಿ. ಮಣಿಕಟ್ಟನ್ನು ನೆಕ್ಕಿ ಹತ್ತು ಸೆಕೆಂಡು ಒಣಗಿಸಿ ಮೂಸಬಹುದು, ಚಮಚದಲ್ಲಿ ನಾಲಿಗೆಯ ಹಿಂಭಾಗ ಕೆರೆದು ಮೂಸಬಹುದು. ಎಲ್ಲಕ್ಕಿಂತ ಖಚಿತವಾದದ್ದು ಮನೆಯ ಒಬ್ಬರ ಮೂಗು. ಮೂರು ಜನ ಇಲ್ಲ ಎಂದ ಮೇಲೂ ಮನಸ್ಸು ಒಪ್ಪದಿದ್ದರೆ ಮಾತಾಡಬೇಕಾದದ್ದು ಮನೋವೈದ್ಯರ ಹತ್ತಿರ, ಅದರಲ್ಲಿ ನಾಚಿಕೆ ಏನೂ ಇಲ್ಲ.

ತನ್ನ ಬಾಯಿಯ ವಾಸನೆಗೆ ತನ್ನ ಮೂಗು ಒಗ್ಗಿಹೋಗಿರುತ್ತದೆ. ಹಾಗಾಗಿ ನಿಜವಾಗಿ ವಾಸನೆ ಇರುವವರಿಗೆ ಅದು ಗೊತ್ತೇ ಇರುವುದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಹಿಂದಿನಿಂದ ಆಡಿಕೊಳ್ಳುತ್ತಾರೆ, ಎದುರಿಗೆ ಯಾರೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ, ಸ್ನೇಹಿತರಲ್ಲಿ ಅಂಥವರೊಬ್ಬರಿದ್ದರೆ ದಯವಿಟ್ಟು ಹೇಳಿಬಿಡಿ. ನಾಲ್ಕು ಜನರ ಮುಂದೆ ಬೇಡ, ಮೌತ್‌ವಾಶ್ ಬಾಟಲಿಯನ್ನು ಉಡುಗೊರೆ ಕೊಡುವ ಜಾಣತನವೂ ಬೇಡ. ಒಬ್ಬರೇ ಇದ್ದಾಗ ಹೇಳಿ, ದಂತವೈದ್ಯರಲ್ಲಿಗೆ ಹೋಗುವ ದಿನ ಜೊತೆಗೆ ಹೋಗಿ.